ಯಾರದೂ ಅಲ್ಲದ ನೆಲ: ಸಿಮರಾನ್ ಸೀಮೆಯ ವೃತ್ತಾಂತ

ಅಮೆರಿಕಾ ಸಂಯುಕ್ತ ಸಂಸ್ಥಾನದ ಭೂಪಟವನ್ನು ಬಿಡಿಸಿ ನೋಡಿದ ವಾಚಕರಿಗೆ ಅದರ ನಡುಭಾಗದಲ್ಲಿ ಒಕ್ಲಹೋಮಾ ಎಂಬ ರಾಜ್ಯವು ಹಿಡಿಯುಳ್ಳ ಬಾಣಲೆಯಂತೆ ಚಿತ್ರಿತವಾಗಿರುವುದು ಕಂಡಿರಬಹುದು. ಆ ಹಿಡಿಯು ಪಶ್ಚಿಮಕ್ಕೆ ನೀಳವಾಗಿ, ಅಳತೆಕಡ್ಡಿಯಿಟ್ಟು ಗೆರೆ ಎಳೆದಷ್ಟು ನೆಟ್ಟಗೆ ಚಾಚಿಕೊಂಡಿದೆ. ನಾನು ಪಾಠಶಾಲೆಯಲ್ಲಿ ಭೂಗೋಳವನ್ನು ಹೇಳುತ್ತಿದ್ದ ಕಾಲದಲ್ಲಿ ಹುಡುಗನೊಬ್ಬನು ಎದ್ದು ನಿಂತು, "ಮೇಷ್ಟ್ರೇ, ಇದಕ್ಕೆ ಈ ಹಿಡಿ ಏಕೆ ಬಂತು?" ಎಂದು ಕೇಳಿದನು. ಅಲ್ಲಿ ಗಡಿಯಾಗತಕ್ಕ ನದಿಯೂ ಇಲ್ಲ, ಬೆಟ್ಟದ ಸಾಲೂ ಇಲ್ಲ. ವ್ಯಾಕರಣವನ್ನು ಓದಿ ಬಂದು ಭೂಗೋಳವನ್ನು ಹೇಳುವ ಕರ್ಮಕ್ಕೆ ಸಿಕ್ಕಿದ್ದ ನನಗೆ ಉತ್ತರ ತಿಳಿಯದು. "ಕೆಲವು ಶಬ್ದಗಳು ನಿಪಾತವಾಗಿ ಸಿದ್ಧಿಸುವಂತೆ ಇದೂ ಸಿದ್ಧಿಸಿದೆ, ಕುಳಿತುಕೋ" ಎಂದು ಅವನನ್ನು ಕುಳ್ಳಿರಿಸಿದೆನು. ಹುಡುಗರು ನಕ್ಕರು, ನಾನೂ ನಕ್ಕೆನು. ಆದರೆ ಪ್ರಶ್ನೆಯು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ವಿಶ್ರಾಂತಿ ದೊರೆತ ಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿವೇದಿಸುತ್ತೇನೆ. ಆ ಹುಡುಗನು ಈಗ ಎಲ್ಲಿರುವನೋ. ಈ ಲೇಖನವು ಅವನ ಕಣ್ಣಿಗೆ ಬಿದ್ದರೆ ನನ್ನ ಋಣದಲ್ಲಿ ಒಂದಂಶವಾದರೂ ತೀರೀತು.

ಬಾಣಲೆಯ ಹಿಡಿಯಲ್ಲಿ ಮೂರು ಕೌಂಟಿಗಳಿವೆ. ಕೌಂಟಿಯೆಂದರೆ ನಮ್ಮ ತಾಲ್ಲೂಕಿಗಿಂತ ಅಧಿಕಾರದಲ್ಲಿ ದೊಡ್ಡದು, ಜನಸಂಖ್ಯೆಯಲ್ಲಿ ಅನೇಕ ವೇಳೆ ನಮ್ಮ ಒಂದು ಹೋಬಳಿಗಿಂತಲೂ ಚಿಕ್ಕದು. ತನ್ನದೇ ಆದ ನ್ಯಾಯಸ್ಥಾನ, ತನ್ನದೇ ಆದ ಕಂದಾಯ, ತಾನೇ ಚುನಾಯಿಸಿದ ಅಧಿಕಾರಿಗಳು ಇವಿಷ್ಟನ್ನು ಉಳ್ಳ ಆಡಳಿತವಿಭಾಗ. ಈ ಮೂರರಲ್ಲಿ ಪಶ್ಚಿಮದ ತುತ್ತತುದಿಯಲ್ಲಿರುವುದೇ ಸಿಮರಾನ್ ಕೌಂಟಿ. ಇದರ ವಿಸ್ತೀರ್ಣವು ಸುಮಾರು 1,841 ಚದರ ಮೈಲಿ. ಉತ್ತರಕ್ಕೆ ಕೊಲೊರಾಡೊ ಮತ್ತು ಕಾನ್ಸಾಸ್, ಪಶ್ಚಿಮಕ್ಕೆ ನ್ಯೂ ಮೆಕ್ಸಿಕೊ, ದಕ್ಷಿಣಕ್ಕೆ ಟೆಕ್ಸಸ್ ಹೀಗೆ ಪರರಾಜ್ಯಗಳು ನಾಲ್ಕು ಇದರ ಅಂಚನ್ನು ಮುಟ್ಟುತ್ತವೆ. ಇಂಥ ಯೋಗವು ಆ ದೇಶದ ಮತ್ತಾವ ಕೌಂಟಿಗೂ ಇಲ್ಲ. ನಾಲ್ಕು ರಾಜ್ಯಗಳ ನೆರೆಯುಂಟು, ಜನ ಮಾತ್ರ ಇಲ್ಲ: 2020ರ ಜನಗಣತಿಯಲ್ಲಿ ಇಲ್ಲಿ ಎಣಿಕೆಗೆ ಬಂದವರು 2,296 ಮಂದಿ, ಚದರ ಮೈಲಿಗೆ ಒಬ್ಬನೂ, ಮೇಲೆ ಕಾಲು ಭಾಗವೂ ಎಂದು ಹಂಚಬೇಕು.

ಸಿಮರಾನ್ ಎಂಬುದು ಇಲ್ಲಿ ಹರಿಯುವ ನದಿಯ ಹೆಸರು. ಶಬ್ದವು ಸ್ಪ್ಯಾನಿಷ್ ಭಾಷೆಯದು. ಸಾಕಿದವನ ಕೈತಪ್ಪಿಸಿಕೊಂಡು ಕಾಡು ಸೇರಿದ ಪಶುವಿಗೂ, ಒಡೆಯನನ್ನು ಬಿಟ್ಟು ಓಡಿಹೋದ ದಾಸನಿಗೂ ಆ ಶಬ್ದವನ್ನು ಪ್ರಯೋಗಿಸುತ್ತಾರೆ. ಹೆಸರು ಅನ್ವರ್ಥವೆಂಬುದು ಮುಂದಿನ ವೃತ್ತಾಂತದಿಂದ ತಾನೇ ವಿದಿತವಾಗುವುದು.

ನೆಲದ ಸ್ವರೂಪವನ್ನು ಮೊದಲು ಹೇಳಬೇಕು. ಸಮುದ್ರಮಟ್ಟಕ್ಕೆ ನಾಲ್ಕು ಸಾವಿರ ಅಡಿಗಳ ಎತ್ತರದಲ್ಲಿ, ರಾಕಿ ಪರ್ವತಗಳಿಂದ ಪೂರ್ವಕ್ಕೆ ಮೆಲ್ಲನೆ ಇಳಿಯುತ್ತ ಬರುವ ಮಹಾಪ್ರಸ್ಥಭೂಮಿಯ ಒಂದು ತುಂಡು ಇದು. ವಾಯವ್ಯದ ಮೂಲೆಯಲ್ಲಿ ಮಾತ್ರ ನೆಲವು ಕಣಿವೆ ಕೊರಕಲುಗಳಾಗಿ ಒಡೆದಿದೆ. ಅಲ್ಲಿ ಪುರಾತನ ಕಾಲದಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾರಸವು ಕಪ್ಪು ಕಲ್ಲಿನ ಮುಚ್ಚಳವಾಗಿ ನಿಂತು ಬ್ಲ್ಯಾಕ್ ಮೇಸಾ ಎಂಬ ಹೆಸರಿನ ಚಪ್ಪಟೆ ಬೆಟ್ಟವಾಗಿದೆ. ಅದರ ಎತ್ತರ 4,973 ಅಡಿ. ಒಕ್ಲಹೋಮಾ ರಾಜ್ಯಕ್ಕೆಲ್ಲ ಅದೇ ಶಿಖರ. ಉಳಿದದ್ದೆಲ್ಲ ಅಂಗೈಯಂಥ ಬಯಲು. ವರ್ಷಕ್ಕೆ ಹದಿನೇಳು ಹದಿನೆಂಟು ಅಂಗುಲ ಮಳೆ. ಅದೂ ಸರಾಸರಿಯ ಮಾತು. ಸರಾಸರಿಯೆಂಬುದು ಗಣಿತಜ್ಞನಿಗೆ ಸತ್ಯ, ಒಕ್ಕಲಿಗನಿಗೆ ಮಿಥ್ಯೆ. ಒಂದು ವರ್ಷ ಸುರಿದದ್ದು ಮರುವರ್ಷ ಅರ್ಧಕ್ಕಿಳಿಯುವುದುಂಟು. ಗಾಳಿಯೋ ಬಿಡುವಿಲ್ಲದೆ ಬೀಸುವುದು. ಇಂಥ ನೆಲದಲ್ಲಿ ಸೃಷ್ಟಿಯು ಬೆಳೆಸಿಕೊಂಡದ್ದು ಮರವನ್ನಲ್ಲ, ಗೇಣುದ್ದಕ್ಕೂ ಏಳದ ಗ್ರಾಮಾ ಹುಲ್ಲನ್ನು, ಬಫಲೋ ಹುಲ್ಲನ್ನು. ಮೇಲೆ ನೋಡಿದರೆ ಬಡಕಲು. ಕೆಳಗೆ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು ಮಣ್ಣನ್ನು ಚಾಪೆಯಂತೆ ಬಿಗಿದು ಹಿಡಿದಿದ್ದವು. ಈ ಹುಲ್ಲನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದಿನ ಕಥೆಯೆಲ್ಲವೂ ಅದರ ಮೇಲೆ ನಿಂತಿದೆ.

ಈ ಹುಲ್ಲನ್ನು ಮೇದು ಬೈಸನ್ ಎಂಬ ಕಾಡುಕೋಣಗಳು ಹಿಂಡುಹಿಂಡಾಗಿ ಬಾಳಿದವು. ಅವುಗಳನ್ನು ಬೇಟೆಯಾಡಿ ಕಮಾಂಚಿ, ಕಯೋವಾ ಮೊದಲಾದ ಮೂಲಜನರು ಬಾಳಿದರು. 1821ರ ತರುವಾಯ ಮಿಸೌರಿಯ ವರ್ತಕರು ಮೆಕ್ಸಿಕೊ ದೇಶಕ್ಕೆ ಸೇರಿದ್ದ ಸಾಂಟಾ ಫೇ ಪಟ್ಟಣಕ್ಕೆ ಸರಕಿನ ಬಂಡಿಗಳನ್ನು ಹೊಡೆದುಕೊಂಡು ಹೋಗಲಾರಂಭಿಸಿದರು. ಆ ಮಾರ್ಗದ ಹತ್ತಿರದ ಕವಲು ಈ ಸೀಮೆಯ ಮೇಲೆ ಹಾಯುತ್ತಿತ್ತು. ಹತ್ತಿರದ ದಾರಿ, ಆದರೆ ನೀರಿಲ್ಲದ ದಾರಿ. ಕೋಲ್ಡ್ ಸ್ಪ್ರಿಂಗ್ ಎಂಬ ಚಿಲುಮೆಯ ಬಳಿ ಬಂಡಿಗಳನ್ನು ಬಿಟ್ಟು ದಣಿವಾರಿಸಿಕೊಂಡ ಪಥಿಕರು ಪಕ್ಕದ ಬಂಡೆಯ ಮೇಲೆ ತಮ್ಮ ಹೆಸರುಗಳನ್ನೂ ವರ್ಷಗಳನ್ನೂ ಕೊರೆದಿಟ್ಟರು. ನಮ್ಮ ಶಾಸನಗಳಂತೆ ದಾನದತ್ತಿಗಳ ಮಾತು ಅಲ್ಲಿಲ್ಲ. ನಾನು ಇಲ್ಲಿಯವರೆಗೆ ಬದುಕಿ ಬಂದೆನು ಎಂಬುದಿಷ್ಟೇ ಅದರ ತಾತ್ಪರ್ಯ. 1865ರಲ್ಲಿ ಕಿಟ್ ಕಾರ್ಸನ್ ಎಂಬ ಪ್ರಸಿದ್ಧ ಸೇನಾನಿಯು ಬಂಡಿಗಳ ರಕ್ಷಣೆಗಾಗಿ ಇಲ್ಲೊಂದು ಕೋಟೆಯನ್ನು ಕಟ್ಟಿಸಿದನು. ಅದು ಕೆಲವೇ ತಿಂಗಳು ಬಾಳಿ ಪಾಳಾಯಿತು. 1874ರಲ್ಲಿ ಮೊದಲಾದ ಯುದ್ಧವು ಮರುವರ್ಷ ಮುಗಿಯುವ ವೇಳೆಗೆ ಮೂಲಜನರನ್ನು ಮೀಸಲು ನೆಲಗಳಿಗೆ ಅಟ್ಟಿಯಾಗಿತ್ತು. ಕಾಡುಕೋಣಗಳೂ ಬಂದೂಕಿಗೆ ಆಹುತಿಯಾದವು. ಬರಿದಾದ ಬಯಲಿಗೆ ನ್ಯೂ ಮೆಕ್ಸಿಕೊದ ಕುರುಬರು ಕುರಿಗಳನ್ನೂ, ಟೆಕ್ಸಸ್ಸಿನವರು ದನಗಳನ್ನೂ ನುಗ್ಗಿಸಿದರು.

ಇನ್ನು ಹುಡುಗನ ಪ್ರಶ್ನೆಗೆ ಬರುತ್ತೇನೆ. ಉತ್ತರವು ನೆಲದಲ್ಲಿಲ್ಲ, ದಾಸ್ಯದಲ್ಲಿದೆ. ಮನುಷ್ಯರನ್ನು ಕೊಂಡು ಮಾರುವ ಪದ್ಧತಿಯು ಹೊಸ ಸೀಮೆಗಳಿಗೆ ಹರಡಬಹುದೇ ಕೂಡದೇ ಎಂದು ಆ ದೇಶದ ದಕ್ಷಿಣೋತ್ತರ ಪ್ರಾಂತಗಳಿಗೆ ಕಲಹವಿತ್ತು. 1820ರ ಒಡಂಬಡಿಕೆಯಲ್ಲಿ, ಫ್ರಾನ್ಸಿನಿಂದ ಕೊಂಡ ಪ್ರದೇಶದಲ್ಲಿ ಮಿಸೌರಿ ರಾಜ್ಯದ ಹೊರತು 36 ಅಂಶ 30 ಕಲೆಗಳ ಅಕ್ಷಾಂಶದಿಂದ ಉತ್ತರಕ್ಕೆ ದಾಸ್ಯವು ಸಲ್ಲದೆಂದು ಒಂದು ಗೆರೆಯನ್ನು ಎಳೆದರು. 1845ರಲ್ಲಿ ಟೆಕ್ಸಸ್ಸು ದಾಸರನ್ನಿಟ್ಟುಕೊಂಡ ರಾಜ್ಯವಾಗಿ ಒಕ್ಕೂಟವನ್ನು ಸೇರಿತು. 1850ರಲ್ಲಿ ಅದರ ಎಲ್ಲೆಗಳು ನಿಷ್ಕರ್ಷೆಯಾದಾಗ ಆ ಗೆರೆಗಿಂತ ಉತ್ತರಕ್ಕಿದ್ದ ನೆಲವನ್ನು ಟೆಕ್ಸಸ್ಸು ಕೈಬಿಟ್ಟಿತು. ದಾಸರನ್ನು ಬಿಡುವುದಕ್ಕಿಂತ ನೆಲವನ್ನು ಬಿಡುವುದು ಅದಕ್ಕೆ ಸುಲಭವಾಗಿ ಕಂಡಿತು. 1854ರಲ್ಲಿ ಕಾನ್ಸಾಸ್ ಸೀಮೆಯನ್ನು ಸ್ಥಾಪಿಸಿದಾಗ ಅದರ ದಕ್ಷಿಣದ ಎಲ್ಲೆಯನ್ನು 37ನೆಯ ಅಕ್ಷಾಂಶದಲ್ಲಿಟ್ಟರು. ಪಶ್ಚಿಮದಲ್ಲಿ ನ್ಯೂ ಮೆಕ್ಸಿಕೊ 103ನೆಯ ರೇಖಾಂಶಕ್ಕೆ ನಿಂತಿತು. ಪೂರ್ವದಲ್ಲಿ ಚೆರೋಕಿ ಜನರಿಗೆ ಬಿಟ್ಟ ನೆಲವು 100ನೆಯದಕ್ಕೆ ನಿಂತಿತು. ನಾಲ್ವರು ದಾಯಾದಿಗಳು ತಮ್ಮ ತಮ್ಮ ಬೇಲಿಗಳನ್ನು ಹಾಕಿಕೊಂಡು ಮನೆಗೆ ಹೋದ ಮೇಲೆ ನಡುವೆ ಯಾರ ಪಾಲಿಗೂ ಬಾರದ ಪಟ್ಟಿಯೊಂದು ಉಳಿದಂತಾಯಿತು: ಅಗಲ ಮೂವತ್ತನಾಲ್ಕು ಮೈಲಿ, ಉದ್ದ ನೂರ ಅರವತ್ತೆಂಟು ಮೈಲಿ. ಕಾಗದಪತ್ರಗಳಲ್ಲಿ ಇದಕ್ಕೆ ಸಾರ್ವಜನಿಕ ಭೂಪಟ್ಟಿಯೆಂಬ ಹೆಸರು. ಜನರ ಬಾಯಲ್ಲಿ ಮಾತ್ರ ನೋ ಮ್ಯಾನ್ಸ್ ಲ್ಯಾಂಡ್, ಯಾರದೂ ಅಲ್ಲದ ನೆಲ.

ನಾಲ್ಕು ದಶಕಗಳ ಕಾಲ ಇಲ್ಲಿ ಅರಸಿಲ್ಲ, ನ್ಯಾಯಸ್ಥಾನವಿಲ್ಲ, ಕಂದಾಯವಿಲ್ಲ. ಅರಾಜಕವಾದ ದೇಶದಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದೆಂದು ನಮ್ಮ ನೀತಿಶಾಸ್ತ್ರಕಾರರು ಹೇಳಿದ್ದಾರಷ್ಟೆ. ಕಳ್ಳರ ತಂಡಗಳು ಬ್ಲ್ಯಾಕ್ ಮೇಸಾ ಬೆಟ್ಟದ ಸಮೀಪದಲ್ಲಿ ಬೀಡುಬಿಟ್ಟು ಕುದುರೆಗಳನ್ನೂ ಬಂಡಿಗಳನ್ನೂ ದೋಚಿದ್ದುಂಟು. ಆದರೆ 1886ರ ಸುಮಾರಿನಲ್ಲಿ ಇಲ್ಲಿಗೆ ಒಕ್ಕಲುಗಳು ಬಂದು ಸೇರಿದಾಗ ನಡೆದದ್ದು ಕೇವಲ ಮತ್ಸ್ಯನ್ಯಾಯವಲ್ಲ. ಹೊಲವು ಮೊದಲು ಕಡಿದು ಹಸನು ಮಾಡಿದವನಿಗೆ ಸಲ್ಲುವುದೆಂದು ನಮ್ಮ ಸ್ಮೃತಿಯಲ್ಲಿರುವ ನ್ಯಾಯವನ್ನೇ ಅವರು ಅರಿಯದೆ ಆಚರಿಸಿದರು. ಮೋಜಣಿಯಾಗದ ನೆಲಕ್ಕೆ ಪಟ್ಟಾ ಹುಟ್ಟದು. ಆದುದರಿಂದ ತಾವೇ ಮಂಡಲಿಗಳನ್ನು ಕಟ್ಟಿಕೊಂಡು, ಯಾರು ಯಾವ ತುಂಡನ್ನು ಹಿಡಿದರೆಂಬುದನ್ನು ಬರೆದಿಟ್ಟು, ಅತಿಕ್ರಮಿಸಿದವನನ್ನು ದಂಡಿಸಿದರು. ಮರವಿಲ್ಲದ್ದರಿಂದ ಹುಲ್ಲುಬೇರು ಸಹಿತವಾಗಿ ಮಣ್ಣಿನ ಹೆಂಟೆಗಳನ್ನು ಕತ್ತರಿಸಿ ಇಟ್ಟಿಗೆಯಂತೆ ಪೇರಿಸಿ ಮನೆ ಮಾಡಿಕೊಂಡರು. ಸೌದೆಯಿಲ್ಲದ್ದರಿಂದ ಬಯಲಿನಲ್ಲಿ ಒಣಗಿ ಬಿದ್ದ ದನದ ಸಗಣಿಯನ್ನು ಆಯ್ದು ತಂದು ಒಲೆ ಹೊತ್ತಿಸಿದರು. 1887ರಲ್ಲಿ ಪಟ್ಟಿಯ ಪೂರ್ವಭಾಗದ ಬೀವರ್ ಎಂಬ ಊರಿನಲ್ಲಿ ಕೂಡಿ, ಇದು ಸಿಮರಾನ್ ಎಂಬ ಸ್ವತಂತ್ರ ಸೀಮೆಯೆಂದು ಘೋಷಿಸಿ ಪ್ರತಿನಿಧಿಗಳನ್ನು ರಾಜಧಾನಿಗೆ ಕಳುಹಿಸಿದರು. ಕಾಂಗ್ರೆಸ್ಸು ಮನ್ನಿಸಲಿಲ್ಲ. 1889ರ ಏಪ್ರಿಲ್ 22ರಂದು ಒಕ್ಲಹೋಮಾದ ನಡುಸೀಮೆಯನ್ನು ಒಕ್ಕಲುತನಕ್ಕೆ ತೆರೆದಾಗ ಪಟ್ಟಾ ಸಿಕ್ಕುವ ನೆಲವನ್ನು ಹುಡುಕಿಕೊಂಡು ಇಲ್ಲಿಯ ಜನ ಗುಂಪುಗುಂಪಾಗಿ ಹೊರಟುಹೋದರು. 1890ರ ಮೇ 2ರಂದು ಈ ಪಟ್ಟಿಯನ್ನೂ ಆ ಸೀಮೆಗೇ ಅಂಟಿಸಿದರು. ಬಾಣಲೆಗೆ ಹಿಡಿ ಬಂದದ್ದು ಅಂದು. 1907ರಲ್ಲಿ ಒಕ್ಲಹೋಮಾ ರಾಜ್ಯವಾದಾಗ ಪಟ್ಟಿಯು ಮೂರು ಕೌಂಟಿಗಳಾಗಿ ಒಡೆಯಿತು. ಜನಗಳು ಇಟ್ಟುಕೊಂಡಿದ್ದ ಸಿಮರಾನ್ ಎಂಬ ಹೆಸರು ಅವುಗಳಲ್ಲೊಂದಕ್ಕೆ ದಕ್ಕಿತು.

ಹೊಸ ಕೌಂಟಿಗೆ ಕಸಬೆಯೊಂದು ಬೇಕಷ್ಟೆ. 1908ರಲ್ಲಿ ಆ ಸ್ಥಾನವನ್ನು ಪಡೆದ ಬಾಯ್ಸಿ ಸಿಟಿಯ ಜನ್ಮವೃತ್ತಾಂತವು ಒಂದು ಪ್ರಹಸನದಂತಿದೆ. ನಿವೇಶನಗಳನ್ನು ಮಾರುವ ಕೂಟವೊಂದು ದೂರದ ಊರುಗಳಿಗೆಲ್ಲ ಚಿತ್ರಪತ್ರಿಕೆಗಳನ್ನು ಟಪಾಲಿನಲ್ಲಿ ಕಳುಹಿಸಿತು. ಮರಗಳ ನೆರಳಿನ ಬೀದಿಗಳು, ಚಿಮ್ಮುವ ನೀರು, ಒಳ್ಳೆಯ ಕಟ್ಟಡಗಳು ಎಲ್ಲವೂ ಆ ಚಿತ್ರಗಳಲ್ಲಿದ್ದವು. ಊರ ಹೆಸರು ಕೂಡ ಮರಗಳುಳ್ಳದ್ದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಹಣ ತೆತ್ತು ಬಂದು ಇಳಿದವರು ಕಂಡದ್ದು ಬಯಲಿನಲ್ಲಿ ನೆಟ್ಟ ಗೂಟಗಳನ್ನು. ಮಾರಿದವರಲ್ಲಿ ಕೆಲವರು ಟಪಾಲಿನ ಮೂಲಕ ವಂಚಿಸಿದ ಅಪರಾಧಕ್ಕಾಗಿ ಸೆರೆಮನೆಗೆ ಹೋದರು. ಇದರಲ್ಲಿ ವಿಸ್ಮಯವೆಂದರೆ, ಮೋಸಹೋದವರಲ್ಲಿ ಎಲ್ಲರೂ ಹಿಂದಿರುಗಲಿಲ್ಲ. ಇದ್ದವರು ಸೇರಿ ಊರನ್ನು ಕಟ್ಟಿಯೇ ಬಿಟ್ಟರು. ಸುಳ್ಳಿನಿಂದ ಹುಟ್ಟಿ ನಿಜವಾದ ಊರು ಅದು. ರೈಲು ಅಲ್ಲಿಗೆ ಬಂದದ್ದು 1925ರಲ್ಲಿ.

ನಿವೇಶನದ ಸುಳ್ಳನ್ನು ನ್ಯಾಯಸ್ಥಾನವು ದಂಡಿಸಿತು. ಅದಕ್ಕಿಂತ ದೊಡ್ಡದೊಂದು ಸುಳ್ಳು ಆ ಬಯಲಿನಲ್ಲೆಲ್ಲ ಅದಕ್ಕೆ ಮುಂಚೆಯೇ ಹರಡಿತ್ತು, ಅದನ್ನು ದಂಡಿಸುವವರಿರಲಿಲ್ಲ. ನೇಗಿಲು ಹೋದಲ್ಲಿಗೆ ಮಳೆಯೂ ಹಿಂಬಾಲಿಸುವುದೆಂಬ ಸಿದ್ಧಾಂತವನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವರು ವಿದ್ವಾಂಸರೇ ಪ್ರತಿಪಾದಿಸಿದ್ದರು. ಯಜ್ಞದಿಂದ ಮಳೆಯೆಂದು ನಾವು ನಂಬಿದೆವು. ಉಳುಮೆಯಿಂದ ಮಳೆಯೆಂದು ಅವರು ನಂಬಿದರು. ನಗುವುದಕ್ಕೆ ನಮಗೆ ಅಧಿಕಾರ ಸಾಲದು.

1914ರ ಮಹಾಯುದ್ಧವು ಯೂರೋಪಿನಲ್ಲಿ ಮೊದಲಾದ ಮೇಲೆ ಗೋದಿಯ ಬೆಲೆ ಏರಿತು. ಬುಷೆಲೊಂದಕ್ಕೆ ಎರಡು ಡಾಲರಿನಷ್ಟು ಬೆಲೆಯನ್ನು ಸರ್ಕಾರವೇ ನಿಶ್ಚಯಿಸಿಕೊಟ್ಟ ಕಾಲವೂ ಬಂದಿತು. ಯುದ್ಧ ಮುಗಿದು ಬೆಲೆ ಇಳಿದರೆ, ಇಳಿದ ಬೆಲೆಯ ನಷ್ಟವನ್ನು ತುಂಬಿಕೊಳ್ಳಲು ಇನ್ನಷ್ಟು ಉಳಬೇಕಾಯಿತು. ಕುದುರೆಯ ಬದಲು ಟ್ರಾಕ್ಟರು, ಹಳೆಯ ನೇಗಿಲಿನ ಬದಲು ಮಣ್ಣನ್ನು ಹಿಟ್ಟು ಮಾಡುವ ತಟ್ಟೆನೇಗಿಲು ಬಂದವು. 1920ರಿಂದ ಹತ್ತು ವರ್ಷ ಮಳೆಯೂ ಬಹುಮಟ್ಟಿಗೆ ಒಲಿಯಿತು. ಊರಿನಲ್ಲಿ ಮನೆಯಿಲ್ಲದೆ, ಬಿತ್ತುವಾಗ ಬಂದು ಕೊಯ್ಯುವಾಗ ಮರಳುವ ಪೆಟ್ಟಿಗೆ ಒಕ್ಕಲಿಗರೂ ಹುಟ್ಟಿಕೊಂಡರು. 1920ರಲ್ಲಿ 3,436 ಇದ್ದ ಜನಸಂಖ್ಯೆಯು 1930ರಲ್ಲಿ 5,408 ಆಯಿತು. ಅದಕ್ಕೆ ಮೀರಿದ ಸಂಖ್ಯೆಯನ್ನು ಕೌಂಟಿಯು ಮತ್ತೆಂದೂ ಕಾಣಲಿಲ್ಲ. 1931ರಲ್ಲಿ ಬೆಳೆಯೂ ಹುಲುಸು. ಬೆಲೆ ಮಾತ್ರ ಅರ್ಧ ಡಾಲರಿಗಿಂತ ಕೆಳಗೆ. ಗೋದಿಯನ್ನು ರಾಶಿ ಹಾಕಿ ಕೊಳ್ಳುವವರಿಲ್ಲದೆ ಬಿಟ್ಟರು. ತರುವಾಯ ಮಳೆ ನಿಂತಿತು. ಹುಲ್ಲನ್ನು ಕಿತ್ತಾಗಿತ್ತು, ಗೋದಿ ಮೊಳೆಯಲಿಲ್ಲ. ಗಾಳಿಯು ಮಾತ್ರ ಎಂದಿನಂತೆ ಬೀಸಿತು.

ಆ ಬಯಲಿನ ಸೀಮೆಗಳಲ್ಲಿ 1932ರಲ್ಲಿ 14, ಮರುವರ್ಷ 38 ಧೂಳಿನ ಬಿರುಗಾಳಿಗಳನ್ನು ಎಣಿಸಿದರು. ಮನೆಯೊಳಗೆ ಹೆಂಗಸರು ಕಿಟಕಿಗಳಿಗೆ ಒದ್ದೆಬಟ್ಟೆಯನ್ನು ಕಟ್ಟುವರು. ಊಟಕ್ಕೆ ತಟ್ಟೆಗಳನ್ನು ಬೋರಲು ಹಾಕಿಟ್ಟು, ಬಡಿಸುವ ಕ್ಷಣಕ್ಕೆ ಮೇಲ್ಮಾಡುವರು. ಒಣಗಾಳಿಯಲ್ಲಿ ವಿದ್ಯುತ್ತು ಸೇರಿಕೊಂಡು ಮೋಟಾರುಗಳು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದುದರಿಂದ ಅವುಗಳ ಹಿಂದೆ ಸರಪಣಿಯನ್ನು ನೆಲಕ್ಕೆ ಎಳೆಯುವಂತೆ ಕಟ್ಟುತ್ತಿದ್ದರು. ಬೇಲಿಗಳು ಮರಳಿನಲ್ಲಿ ಹೂತುಹೋದವು. ದನಗಳು ಹೊಟ್ಟೆಯಲ್ಲಿ ಮಣ್ಣು ತುಂಬಿ ಸತ್ತವು. ಧೂಳಿನ ನ್ಯುಮೋನಿಯಾ ಎಂಬ ಹೊಸ ಹೆಸರಿನ ವ್ಯಾಧಿಯು ಎಳೆಯ ಮಕ್ಕಳನ್ನೂ ವೃದ್ಧರನ್ನೂ ಮೊದಲು ಹಿಡಿಯಿತು.

1935ರ ಏಪ್ರಿಲ್ 14 ಭಾನುವಾರ. ಅನೇಕ ದಿನಗಳ ಮೇಲೆ ಆಕಾಶವು ತಿಳಿಯಾಗಿತ್ತು. ಜನರು ಕಿಟಕಿಗಳನ್ನು ತೆರೆದು, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಪ್ರಾರ್ಥನಾಮಂದಿರಗಳಿಗೆ ಹೋಗಿಬಂದರು. ಬಾಯ್ಸಿ ಸಿಟಿಯಿಂದ ಶವಯಾತ್ರೆಯೊಂದೂ ಹೊರಟಿತ್ತು. ಸಂಜೆಯ ವೇಳೆಗೆ ಉತ್ತರದಿಕ್ಕಿನಲ್ಲಿ ಸಾವಿರಾರು ಅಡಿ ಎತ್ತರದ ಕಪ್ಪು ಗೋಡೆಯೊಂದು ಸದ್ದಿಲ್ಲದೆ ಉರುಳಿಕೊಂಡು ಬರುವುದು ಕಂಡಿತು. ಹಕ್ಕಿಗಳು ಅದರ ಮುಂದೆ ಹಿಂಡುಗಟ್ಟಿ ಹಾರಿ ಬರುತ್ತಿದ್ದುವಂತೆ. ಗೋಡೆಯು ಮೇಲೆ ಬಿದ್ದೊಡನೆ ಮುಖದ ಮುಂದೆ ಹಿಡಿದ ಕೈ ಕಾಣದಷ್ಟು ಕತ್ತಲೆ. ಯುಗಾಂತವು ಬಂದಿತೆಂದು ನಂಬಿ ಮೊಣಕಾಲೂರಿದವರು ಅನೇಕರು. ಶವಯಾತ್ರೆಯು ನಡುದಾರಿಯಲ್ಲೇ ನಿಂತುಹೋಯಿತು. ಅಂದು ಬಾಯ್ಸಿ ಸಿಟಿಯ ಉತ್ತರಕ್ಕೆ ಕೆಲವು ಮೈಲಿಗಳಾಚೆ ದಾರಿಯಲ್ಲಿ ಸಿಕ್ಕಿಬಿದ್ದವರಲ್ಲಿ ರಾಬರ್ಟ್ ಗೈಗರ್ ಎಂಬ ವಾರ್ತಾಲೇಖಕನೂ ಇದ್ದನು. ಮರುದಿನದ ವರದಿಯಲ್ಲಿ ಅವನು ಮಾತಿನ ಓಟದಲ್ಲಿ ಬಳಸಿದ ಡಸ್ಟ್ ಬೌಲ್, ಅಂದರೆ ಧೂಳಿನ ಬಟ್ಟಲು ಎಂಬ ನುಡಿಯು ಆ ಮಹಾವಿಪತ್ತಿಗೆಲ್ಲ ಹೆಸರಾಗಿ ನಿಂತಿತು. ಬಾಣಲೆಯ ಹಿಡಿಯು ಬಟ್ಟಲಾಯಿತೆನ್ನಬೇಕು. ಮರುವರ್ಷ ಏಪ್ರಿಲಿನಲ್ಲಿ ಆರ್ಥರ್ ರಾಥ್‌ಸ್ಟೀನ್ ಎಂಬ ಸರ್ಕಾರಿ ಛಾಯಾಗ್ರಾಹಕನು ಈ ಕೌಂಟಿಯಲ್ಲಿ ತೆಗೆದ ಚಿತ್ರವನ್ನು ವಾಚಕರಲ್ಲಿ ಕೆಲವರು ನೋಡಿರಬಹುದು. ಅರ್ಧ ಹೂತ ಗುಡಿಸಲು, ಗಾಳಿಗೆ ತಲೆಬಾಗಿ ನಡೆಯುವ ಒಕ್ಕಲಿಗ, ಅವನ ಇಬ್ಬರು ಮಕ್ಕಳು. ಚಿಕ್ಕವನು ಹಿಂದೆ ಬಿದ್ದು, ತೋಳನ್ನು ಮುಖಕ್ಕೆ ಅಡ್ಡ ಹಿಡಿದಿದ್ದಾನೆ. ಅಷ್ಟು ದೂರದ ಮಗುವನ್ನು ನೋಡಿ ನನ್ನ ಮನಸ್ಸು ಬಹಳ ಹೊತ್ತು ಸ್ಥಿಮಿತಕ್ಕೆ ಬರಲಿಲ್ಲ.

1940ರ ಗಣತಿಗೆ ಉಳಿದವರು 3,654. ಹತ್ತು ವರ್ಷದಲ್ಲಿ ಮೂವರಲ್ಲಿ ಒಬ್ಬರು ಹೋದರೆಂದಾಯಿತು. ಲೋಕವು ಹೋದವರ ಕಥೆಯನ್ನು ಬಲ್ಲುದು. ಸ್ಟೈನ್‌ಬೆಕ್ಕನ ಪ್ರಸಿದ್ಧ ಕಾದಂಬರಿಯು 1939ರಲ್ಲಿ ಹೊರಬಂದು ಅದನ್ನು ಹರಡಿತು. ಅವನ ಕಥೆಯ ಕುಟುಂಬವಾದರೋ ಒಕ್ಲಹೋಮಾದ ಪೂರ್ವದ ತುದಿಯ ಊರಿನದು, ಈ ಧೂಳಿನ ಸೀಮೆಯದೇ ಅಲ್ಲ. ಇಲ್ಲಿ ಮೂವರಲ್ಲಿ ಇಬ್ಬರು ನಿಂತರೆಂಬುದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಹೋಗಲು ಧನವಿಲ್ಲದೆ ನಿಂತವರೆಷ್ಟೋ, ನೆಲದ ಮೋಹದಿಂದ ನಿಂತವರೆಷ್ಟೋ, ಬರುವ ವರ್ಷ ಮಳೆಯಾದೀತೆಂದು ನಿಂತವರೆಷ್ಟೋ. ಒಕ್ಕಲಿಗನ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಈ ಮೂರನ್ನೂ ಬಿಡಿಸಿ ಹೇಳಬೇಕಾದ್ದಿಲ್ಲ.

ಸರ್ಕಾರವೂ ಎಚ್ಚತ್ತಿತು. ಹ್ಯೂ ಬೆನೆಟ್ ಎಂಬ ಮೃತ್ತಿಕಾಶಾಸ್ತ್ರಜ್ಞನ ಪ್ರಯತ್ನದಿಂದ 1935ರ ಏಪ್ರಿಲ್ 27ರಂದು ಮಣ್ಣನ್ನು ಕಾಪಾಡುವ ಶಾಸನವು ಜಾರಿಗೆ ಬಂದಿತು. ಇಳಿಜಾರಿಗೆ ಅಡ್ಡವಾಗಿ ಉಳುವುದನ್ನೂ, ಬೆಳೆಯ ಪಟ್ಟಿಗಳ ನಡುವೆ ಹುಲ್ಲುಪಟ್ಟಿ ಬಿಡುವುದನ್ನೂ ಕಲಿಸಿದರು. ಕೆಟ್ಟ ಹೊಲಗಳನ್ನು ಸರ್ಕಾರವೇ ಕೊಂಡು ಮರಳಿ ಹುಲ್ಲನ್ನು ಬಿತ್ತಿಸಿತು. ಅವುಗಳಲ್ಲಿ ಕೆಲವು ಈಗ ರೀಟಾ ಬ್ಲಾಂಕಾ ರಾಷ್ಟ್ರೀಯ ಹುಲ್ಲುಗಾವಲಿನಲ್ಲಿ ಸೇರಿವೆ. ಆ ವರ್ಷಗಳಲ್ಲೇ ಕೆಂಟನ್ ಎಂಬ ಹಳ್ಳಿಯ ಬಳಿ, ಸರ್ಕಾರವು ಕೂಲಿ ಕೊಟ್ಟು ಬದುಕಿಸಿದ ಬಡ ಒಕ್ಕಲಿಗರು ದೈತ್ಯಾಕಾರದ ಪ್ರಾಚೀನ ಸರೀಸೃಪಗಳ ಎಲುಬುಗಳನ್ನು ವಿಶ್ವವಿದ್ಯಾಲಯಕ್ಕಾಗಿ ಅಗೆದು ತೆಗೆದರು. ಬೆಳೆ ಕೊಡದ ನೆಲವು ಅಸ್ಥಿಗಳನ್ನು ಕೊಟ್ಟಿತು.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 1943ರ ಜುಲೈ 5ರ ನಡುರಾತ್ರಿ ಅಮೆರಿಕಾದ ಯುದ್ಧವಿಮಾನವೇ ಅಭ್ಯಾಸದಲ್ಲಿ ದಾರಿತಪ್ಪಿ, ಬಾಯ್ಸಿ ಸಿಟಿಯ ನ್ಯಾಯಸ್ಥಾನದ ಚೌಕದ ದೀಪಗಳನ್ನು ಗುರಿಯೆಂದು ಬಗೆದು ಆರು ಬಾಂಬುಗಳನ್ನು ಹಾಕಿಹೋಯಿತು. ಬಹುಭಾಗ ಮರಳು ತುಂಬಿದ ಅಭ್ಯಾಸದ ಬಾಂಬುಗಳಾದ್ದರಿಂದ ಯಾರಿಗೂ ನೋವಾಗಲಿಲ್ಲ. ಅಷ್ಟು ಧೂಳನ್ನು ಕಂಡ ಊರಿಗೆ ಈ ಆರು ಹಿಡಿ ಮರಳು ಏನು ಲೆಕ್ಕ! ಯುದ್ಧಾನಂತರ ನೆಲದ ಕೆಳಗಿನ ಒಗಲಾಲಾ ಎಂಬ ಮಹಾಜಲರಾಶಿಗೆ ಕೊಳವೆಯಿಳಿಸಿ ನೀರೆತ್ತಿದರು. 1950ರಲ್ಲಿ ಜನಸಂಖ್ಯೆ 4,589ಕ್ಕೆ ಚೇತರಿಸಿತು. ತರುವಾಯ ಇಳಿಮುಖವೇ: 2000ದಲ್ಲಿ 3,148, ಈಗ ಮೇಲೆ ಹೇಳಿದಷ್ಟು. ಈ ಸಲ ಅಟ್ಟಿದ್ದು ಗಾಳಿಯಲ್ಲ. ಹಿಂದೆ ನೂರ ಅರವತ್ತು ಎಕರೆಗೆ ಒಂದು ಸಂಸಾರವಿದ್ದಲ್ಲಿ ಇಂದು ಯಂತ್ರಗಳ ಬಲದಿಂದ ಸಾವಿರಾರು ಎಕರೆಗೆ ಒಂದು ಸಂಸಾರ. ಮಕ್ಕಳು ಓದಿ ಪಟ್ಟಣ ಸೇರುತ್ತಾರೆ. ಈ ಮಾತು ನಮಗೇನೂ ಅಪರಿಚಿತವಲ್ಲ. ಉಳಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಸ್ಪ್ಯಾನಿಷ್ ಮೂಲದವರು. ನದಿಗೆ ಹೆಸರಿಟ್ಟ ಭಾಷೆಯು ಹೀಗೆ ಮರಳಿ ಬಂದಿದೆ. ಒಗಲಾಲಾದ ನೀರಾದರೋ ಸಹಸ್ರಾರು ವರ್ಷಗಳಲ್ಲಿ ಶೇಖರವಾದದ್ದು. ಎತ್ತುವ ವೇಗಕ್ಕೆ ತುಂಬುವ ವೇಗವು ಸಾಟಿಯಾಗದೆ ಅದು ವರ್ಷವರ್ಷಕ್ಕೂ ತಗ್ಗುತ್ತಿದೆ.

ಸಾಂಟಾ ಫೇ ಮಾರ್ಗದ ಬಂಡಿಗಳ ಜಾಡು ಈ ಕೌಂಟಿಯಲ್ಲಿ ಇಂದಿಗೂ ಅಲ್ಲಲ್ಲಿ ಕಾಣುತ್ತದೆ. ಇನ್ನೂರು ವರ್ಷಗಳ ಹಿಂದಿನ ಗಾಲಿಗಳು ತುಳಿದ ತಗ್ಗು, ಅದರ ಮೇಲೆ ಅದೇ ಗಿಡ್ಡ ಹುಲ್ಲು. ನೇಗಿಲು ಹೋದ ಕಡೆಗಳಲ್ಲಿ ಜಾಡು ಅಳಿದಿದೆ. ಹೋಗದೆ ಉಳಿದ ದನಗಾವಲುಗಳಲ್ಲಿ ಮಾತ್ರ, ಕೋಲ್ಡ್ ಸ್ಪ್ರಿಂಗಿನ ಹೆಸರಿನ ಬಂಡೆಯ ಕಡೆಗೆ ಅದು ಇನ್ನೂ ಹೋಗುತ್ತಿದೆ.